ಗೋಳಗುಮ್ಮಟ ಮ್ಯೂಸಿಯಂ ಅಲ್ಲ, ಮಾಸೋಲಿಯಂ

ವಿಜಯಪುರದ ಗೋಳಗುಮ್ಮಟದ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಿರಿ ಎಂದರೆ ಎರಡನೆಯ ಸಾಲಿನಲ್ಲೇ ಅದನ್ನು ‘ಫೇಮಸ್ ಮ್ಯೂಸಿಯಂ’ ಮಾಡಿಬಿಡುವ ಮಕ್ಕಳಿದ್ದಾರೆ. ಮಕ್ಕಳನ್ನು ತಿದ್ದಬಹುದು, ಪ್ರವಾಸದ ವಿಡಿಯೊಗಳ ಶೀರ್ಷಿಕೆಗಳಲ್ಲಿ ದೊಡ್ಡವರೂ ಅದನ್ನೇ ಬರೆಯತೊಡಗಿರುವುದರಿಂದ ಈ ಎರಡು ಪದಗಳನ್ನು ಬಿಡಿಸಿ ಹೇಳಬೇಕಾಗಿದೆ. 1656ರಲ್ಲಿ ತೀರಿಕೊಂಡ ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್‌ಶಾಹನನ್ನು ಹೂಳಿದ ಜಾಗದ ಮೇಲೆ ನಿಂತಿರುವ ಈ ಕಟ್ಟಡ ಮಾಸೋಲಿಯಂ, ಅಂದರೆ ಗೋರಿಯ ಮೇಲೆ ಎತ್ತಿದ ಭವ್ಯ ಇಮಾರತು.

ಗೊಂದಲಕ್ಕೆ ನೆಪವೂ ಆ ಆವರಣದಲ್ಲೇ ಇದೆ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಿಂದ ನಿಜವಾದ ಮ್ಯೂಸಿಯಂ ಒಂದಿದ್ದು, ಶಾಸನಗಳು, ಮೂರ್ತಿಗಳು, ಹಸ್ತಪ್ರತಿಗಳು ಅಲ್ಲಿವೆ. ಆದರೆ ಮುಂದಿನ ಕಟ್ಟಡದ ಹೆಸರನ್ನು ಹಿಂದಿನದಕ್ಕೆ ಅಂಟಿಸಲು ಇದು ಕಾರಣವಾಗಲಾರದು.

ಮುಖ್ಯ ಕಾರಣ ಪದಗಳ ಬಾಲದಲ್ಲಿದೆ. ಗ್ರೀಕ್ ಭಾಷೆಯಲ್ಲಿ ‘ಮೌಸೈಯಾನ್’ ಎಂದರೆ ಮ್ಯೂಸ್ ದೇವಿಯರಿಗೆ ಸೇರಿದ ಸ್ಥಳ. ಕಾವ್ಯ, ಇತಿಹಾಸ, ಸಂಗೀತ, ಖಗೋಳಗಳಿಗೆಲ್ಲ ಅಧಿದೇವತೆಯರಾದ ಈ ಒಂಬತ್ತು ಜನ ಅಕ್ಕತಂಗಿಯರ ಹೆಸರಿನಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಸಂಸ್ಥೆಯು ವಿದ್ವಾಂಸರು ಉಂಡು, ಓದಿ, ವಾದಿಸುವ ನೆಲೆಯಾಗಿತ್ತೇ ಹೊರತು ಹಳೆಯ ವಸ್ತುಗಳನ್ನು ಗಾಜಿನೊಳಗಿಟ್ಟು ತೋರಿಸುವ ಮನೆಯಾಗಿರಲಿಲ್ಲ. ‘ಮೌಸೋಲೈಯಾನ್’ ಎಂದರೆ ಮೌಸೋಲಸನಿಗೆ ಸೇರಿದ್ದು. ಈತ ಪರ್ಷಿಯಾ ಸಾಮ್ರಾಜ್ಯದ ಅಧೀನದಲ್ಲಿ ಕಾರಿಯಾ ಪ್ರಾಂತವನ್ನು ಆಳುತ್ತಿದ್ದವನು, ಕ್ರಿ.ಪೂ. 353ರಲ್ಲಿ ತೀರಿಕೊಂಡಾಗ, ಅವನ ಹೆಂಡತಿಯೂ ಒಡಹುಟ್ಟಿದವಳೂ ಆಗಿದ್ದ ಆರ್ಟೆಮಿಸಿಯಾ ಹಾಲಿಕಾರ್ನಾಸಸ್ ಪಟ್ಟಣದಲ್ಲಿ, ಅಂದರೆ ಇಂದಿನ ಟರ್ಕಿಯ ಬೋಡ್ರುಮ್‌ನಲ್ಲಿ, ಅವನ ಸಮಾಧಿಯನ್ನು ಎಷ್ಟು ವೈಭವದಿಂದ ಕಟ್ಟಿಸಿದಳೆಂದರೆ ಅದು ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿತು. ರೋಮನ್ನರು ಆ ಅಂಕಿತನಾಮವನ್ನೇ ರೂಢನಾಮ ಮಾಡಿಕೊಂಡು ತಮ್ಮ ಅಗಸ್ಟಸ್ ಚಕ್ರವರ್ತಿಯ ಸಮಾಧಿಯನ್ನೂ ಹಾಗೆಯೇ ಕರೆದರು. ಮೂಲ ಕಟ್ಟಡ ಭೂಕಂಪಗಳಿಗೆ ಉರುಳಿತು, ಅದರ ಕಲ್ಲುಗಳು ಬೋಡ್ರುಮ್ ಕೋಟೆಯ ಗೋಡೆ ಸೇರಿದವು, ಉಳಿದ ಶಿಲ್ಪಗಳನ್ನು 1850ರ ದಶಕದಲ್ಲಿ ಅಗೆದು ಲಂಡನ್ನಿಗೆ ಸಾಗಿಸಲಾಯಿತು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮಾಸೋಲಿಯಂ ಮ್ಯೂಸಿಯಂ ಸೇರಿದ ಉದಾಹರಣೆ ಬೇಕೇ ಬೇಕೆನ್ನುವವರು ಇದನ್ನು ಬಳಸಿಕೊಳ್ಳಲಿ.

ಎರಡೂ ಪದಗಳ ಕೊನೆಯ ಪ್ರತ್ಯಯ ಒಂದೇ ಎಂಬುದು ನಿಜ. ನಮ್ಮಲ್ಲಿಯೂ ‘ಆಲಯ’ ಎಂಬುದು ಹಲವು ಪದಗಳ ಕೊನೆಯಲ್ಲಿ ಬರುತ್ತದೆ. ಹಾಗೆಂದು ವಿದ್ಯಾಲಯವನ್ನು ಶೌಚಾಲಯವೆಂದು ಯಾರೂ ಓದುವುದಿಲ್ಲ.

ಬಳಕೆಯಲ್ಲಿ ನೋಡಬೇಕಾದುದು ಎರಡೇ: ಕೆಳಗೆ ಹೂತ ದೇಹವಿರಬೇಕು, ಮೇಲೆ ಕಟ್ಟಡವಿರಬೇಕು. ವಿಜಯಪುರದಲ್ಲೇ ಇರುವ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನನ್ನು ಹೂಳಿದ, ನಮ್ಮವರು ರೋಜಾ ಎನ್ನುವ ಇಬ್ರಾಹಿಂ ರೌಜಾ ಮಾಸೋಲಿಯಂ. ಅದೇ ಜಗಲಿಯ ಮೇಲೆ ಎದುರಿಗಿರುವುದು ಮಸೀದಿಯಾದ್ದರಿಂದ ಆ ಪದ ಅದಕ್ಕೆ ಸಲ್ಲದು. ‘ರೌಜಾ’ ಎಂಬ ಅರಬ್ಬಿ ಪದಕ್ಕೆ ಮೂಲದಲ್ಲಿ ತೋಟವೆಂದು ಅರ್ಥ. ‘ಗುಂಬಜ್’ ಎಂದರೆ ಬರಿಯ ಗುಮ್ಮಟ. ಆದ್ದರಿಂದ ಕಟ್ಟಡದ ಹೆಸರನ್ನು ಅಕ್ಷರಶಃ ಅನುವಾದಿಸಿ ಇಂಗ್ಲಿಷ್ ಪದವನ್ನು ಹುಡುಕುವುದು ವ್ಯರ್ಥ. ಅದೇ ಊರಿನಲ್ಲಿ ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿಯಾದ ಬಾರಾ ಕಮಾನಿಗೆ ಛಾವಣಿಯೇ ಏರಲಿಲ್ಲ. ‘ಅನ್‌ಫಿನಿಶ್ಡ್ ಮಾಸೋಲಿಯಂ’ ಎಂದರೆ ಸರಿಯಾಗುತ್ತದೆ. ಕೂಡಲಸಂಗಮದ ಐಕ್ಯಮಂಟಪವನ್ನು ಮಾತ್ರ ದಯವಿಟ್ಟು ಮಾಸೋಲಿಯಂ ಮಾಡಬೇಡಿ. ಐಕ್ಯವೆಂದರೆ ಹೂಳುವುದಲ್ಲ, ಒಂದಾಗುವುದು. ಇಂಗ್ಲಿಷಿನಲ್ಲಿಯೂ ಐಕ್ಯಮಂಟಪವೆಂದೇ ಬರೆದು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟರೆ ಯಾರೂ ದಂಡ ಹಾಕುವುದಿಲ್ಲ.

‘ಗ್ರೇವ್’ ಮಣ್ಣಿನ ಕುಣಿ, ‘ಟೂಮ್’ ಅದರ ಮೇಲಿನ ಅಥವಾ ಅದನ್ನೊಳಗೊಂಡ ರಚನೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೇಳಬೇಕಾದುದು ‘ಸೆನೊಟಾಫ್’ ಕುರಿತು. ಗ್ರೀಕ್‌ನಲ್ಲಿ ಇದರ ಅರ್ಥ ಬರಿದಾದ ಗೋರಿ. ಗೋಳಗುಮ್ಮಟದೊಳಗೆ ಎತ್ತರದ ಕಟ್ಟೆಯ ಮೇಲೆ ಸಾಲಾಗಿ ಕಾಣುವ, ಎಲ್ಲರೂ ಫೋಟೊ ತೆಗೆಯುವ ಗೋರಿಗಳು ಸೆನೊಟಾಫ್‌ಗಳು; ನಿಜವಾದ ಗೋರಿಗಳಿರುವುದು ಅವುಗಳ ನೇರ ಕೆಳಗಿನ ನೆಲಮಾಳಿಗೆಯಲ್ಲಿ. ಆದ್ದರಿಂದ ‘ಮುಹಮ್ಮದ್ ಆದಿಲ್‌ಶಾಹ್ಸ್ ಸೆನೊಟಾಫ್ ಸ್ಟ್ಯಾಂಡ್ಸ್ ಇನ್‌ಸೈಡ್ ಹಿಸ್ ಮಾಸೋಲಿಯಂ’ ಎಂಬ ವಾಕ್ಯದಲ್ಲಿ ಎರಡು ಪದಗಳೂ ತಮ್ಮ ಜಾಗದಲ್ಲಿವೆ. ಉಚ್ಚರಿಸುವಾಗ ಒತ್ತು ‘ಲೀ’ ಮೇಲೆ ಬೀಳಬೇಕು. ಬಹುವಚನದಲ್ಲಿ ಮಾಸೋಲಿಯಮ್ಸ್ ಎಂದರೂ ನಡೆಯುತ್ತದೆ, ಮಾಸೋಲಿಯಾ ಎಂದರೂ ನಡೆಯುತ್ತದೆ.