ಕೈ ತೂರದ ಗಾಜಿನ ಜಾಡಿಯನ್ನು ಒಳಗಿನಿಂದ ಉಜ್ಜೋದು ಹೇಗೆ?

ಪ್ರಶ್ನೆ: ಮನೆಯಲ್ಲೇ ಬಿಯರ್ ಮಾಡುತ್ತೇನೆ. ಹುದುಗಲು ಇಡುವ 20 ಲೀಟರಿನ ಗಾಜಿನ ಜಾಡಿಯ ಬಾಯಿ ಕಿರಿದು, ಕೈ ಹೋಗುವುದಿಲ್ಲ. ಒಳಗೆ ಕತ್ತಿನ ಕೆಳಗೆ ಸುತ್ತಲೂ ಕಂದು ಕಲೆ ಅಂಟಿದೆ. ಬ್ರಷ್ ಅಲ್ಲಿಗೆ ಮುಟ್ಟುತ್ತಿಲ್ಲ. ಏನಾದರೂ ಮನೆಯಲ್ಲೇ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ಆದರೆ ಮೊದಲು ನೆನೆಹಾಕಿ. ಮುಕ್ಕಾಲು ಪಾಲು ಕೆಲಸ ಅದರಲ್ಲೇ ಮುಗಿಯುತ್ತದೆ.

ಆ ಕಂದು ಕಲೆ ಅಂದರೆ ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ಉಕ್ಕಿದ ನೊರೆ, ಒಣಗಿ ಅಂಟಿಕೊಂಡದ್ದು. ಅದರಲ್ಲಿ ಯೀಸ್ಟ್, ಪ್ರೋಟೀನ್, ಹಾಪ್ಸ್‌ನ (ಬಿಯರಿಗೆ ಕಹಿ ಕೊಡುವ ಹೂವಿನ) ಅಂಟು ಎಲ್ಲ ಇರುತ್ತದೆ. ಬಿಯರ್ ಖಾಲಿ ಮಾಡಿದ ಕೂಡಲೇ ತೊಳೆದರೆ ಸುಲಭ. ಎರಡು ದಿನ ಬಿಟ್ಟಿರೋ, ಗೋಂದು ಒಣಗಿದ ಹಾಗೆ.

ಸೋಡಿಯಂ ಪರ್ಕಾರ್ಬೊನೇಟ್ ಪುಡಿ ತನ್ನಿ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಾರಲ್ಲ, ಅದೇ. ಸುವಾಸನೆ ಸೇರಿಸದ್ದು ಇರಲಿ. ನೀರಿಗೆ ಬಿದ್ದರೆ ಅದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸೋಡಾ ಅಂಟನ್ನು ಸಡಿಲಿಸುತ್ತದೆ, ಪೆರಾಕ್ಸೈಡಿನ ಗುಳ್ಳೆಗಳು ಅದನ್ನು ಎಬ್ಬಿಸುತ್ತವೆ. ಲೀಟರಿಗೆ ಸುಮಾರು 5 ಗ್ರಾಂ ಸಾಕು. ಕೈಗೆ ಗ್ಲೌಸ್ ಇರಲಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ತಣ್ಣಗಿರುವ ಗಾಜಿಗೆ ಕುದಿನೀರು ಸುರಿದರೆ ಜಾಡಿ ಸೀಳುತ್ತದೆ. ಬಾಯಿಯ ತನಕ ತುಂಬಿಸಿ, ಕಲೆ ಇರೋದು ಮೇಲೆ ಅಲ್ವಾ? ಬಿರಡೆ ಹಾಕಬೇಡಿ, ಒಳಗೆ ಗಾಳಿ ಹುಟ್ಟುತ್ತಿರುತ್ತದೆ. ಒಂದು ರಾತ್ರಿ ಹಾಗೇ ಬಿಡಿ. ತುಂಬಿದ ಜಾಡಿಯನ್ನು ಎತ್ತಲು ಹೋಗಬೇಡಿ, ಪೈಪ್ ಇಳಿಸಿ ನೀರು ಹೊರಗೆಳೆಯಿರಿ. ಒದ್ದೆ ಗಾಜು ಜಾರುತ್ತದೆ, ಒಡೆದರೆ ಕೈಕಾಲು ಸೀಳಿಬಿಡುತ್ತದೆ.

ಇಷ್ಟಾದ ಮೇಲೂ ಅಲ್ಲಲ್ಲಿ ಉಳಿದದ್ದಕ್ಕೆ ನಮ್ಮ ಉಪಕರಣ. ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರನ್ನು ಬಿಚ್ಚಿ ನೇರ ಮಾಡಿ. ಒಂದು ತುದಿಯನ್ನು ಮಡಚಿ ಸಣ್ಣ ಕುಣಿಕೆ ಮಾಡಿ, ಚೂಪು ತುದಿ ಹೊರಗೆ ಉಳಿಯಬಾರದು. ಹಳೆಯ ಟವೆಲಿನಿಂದ ಅಂಗೈ ಅಗಲದ ಪಟ್ಟಿ ಕತ್ತರಿಸಿ, ಕುಣಿಕೆಯಲ್ಲಿ ತೂರಿಸಿ, ತಂತಿ ಕಾಣದ ಹಾಗೆ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿ. ಆ ದಾರದ ಇನ್ನೊಂದು ಕೊನೆ ಉದ್ದವಾಗಿ ಹೊರಗೇ ನೇತಾಡಲಿ. ನಾನು ಮೊದಲ ಸಲ ಇದನ್ನು ಮಾಡದೆ, ಬಟ್ಟೆ ಕಳಚಿ ಒಳಗೆ ಬಿದ್ದು, ಬಾವಿಗೆ ಬಿದ್ದ ಕೊಡದ ಥರ ಅರ್ಧ ಗಂಟೆ ಕೊಕ್ಕೆ ಹಾಕಿದ್ದೆ. ಈಗ ಬಟ್ಟೆಯಿಂದ ನಾಲ್ಕು ಬೆರಳು ಮೇಲೆ ತಂತಿಯನ್ನು ಸ್ವಲ್ಪ ಬಗ್ಗಿಸಿ. ಕತ್ತಿನಲ್ಲಿ ನುಸುಳಿಸಿ ಒಳಗೆ ಹೋದ ಮೇಲೆ ಮೇಲಕ್ಕೆ ಎಳೆದು ತಿರುಗಿಸಿದರೆ, ಬಟ್ಟೆ ಸರಿಯಾಗಿ ಕಲೆಯ ಮೇಲೆ ಕೂರುತ್ತದೆ. ಬ್ರಷ್ ಸೋಲುವುದು ಇದೇ ಜಾಗದಲ್ಲಿ.

ಕೆಲವರು ಇದೇ ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸುತ್ತಾರೆ. ಬೇಗ ಆಗುತ್ತದೆ, ನಿಜ. ಬಗ್ಗಿದ ತಂತಿ ವೇಗವಾಗಿ ತಿರುಗಿ ಗಾಜಿಗೆ ಬಡಿಯುವುದನ್ನು ನೆನೆದರೆ ನನಗೆ ಮನಸ್ಸು ಬರುವುದಿಲ್ಲ. ಜಲ್ಲಿಕಲ್ಲು ಹಾಕಿ ಕುಲುಕುವುದೂ ಬೇಡ.

ನಿಮ್ಮದು ಪ್ಲಾಸ್ಟಿಕ್ ಪಾತ್ರೆಯಾದರೆ ತಂತಿಯನ್ನೇ ಮರೆತುಬಿಡಿ. ಗೀರು ಬಿದ್ದರೆ ಬ್ಯಾಕ್ಟೀರಿಯಾ ಅಲ್ಲಿ ಅಡಗುತ್ತದೆ, ಯಾವ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ಮೆತ್ತನೆ ಬಟ್ಟೆ, ನೆನೆಸುವಿಕೆ, ಅಷ್ಟೇ.

ತೊಳೆದ ಮೇಲೆ ಒಳಗೆ ಬಿಳಿ ಪೊರೆ ಕಂಡರೆ ಅದು ಬಹುಪಾಲು ಗಡಸು ನೀರಿನ ಸುಣ್ಣ. ವಿನೆಗರ್ ಬೆರೆಸಿದ ನೀರು ಸಾಕು. ಬ್ಲೀಚ್ ಬಳಸುವ ಅಭ್ಯಾಸವಿದ್ದರೆ ಅದನ್ನೂ ವಿನೆಗರನ್ನೂ ಒಟ್ಟಿಗೆ ಸೇರಿಸಲೇಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚ್ ಚೂರು ಉಳಿದರೂ ಬಿಯರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ.

ಇಷ್ಟು ಮಾಡಿದರೂ ಜಾಡಿ ಬರೀ ಸ್ವಚ್ಛವಾಗಿದೆ, ಕ್ರಿಮಿಗಳು ಹೋಗಿಲ್ಲ. ಮುಂದಿನ ಸಲ ತುಂಬುವ ಮುಂಚೆ ಸ್ಯಾನಿಟೈಸರ್ (ಕೈಗೆ ಹಚ್ಚುವುದಲ್ಲ, ಪಾತ್ರೆಯ ಕ್ರಿಮಿ ಕೊಲ್ಲುವ ದ್ರಾವಣ) ಬೇರೆಯಾಗಿ ಹಾಕಲೇಬೇಕು. ಕೊಳೆಯಿದ್ದರೆ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಮೊದಲು ಟಾರ್ಚ್ ಹಿಡಿದು ನೋಡಿ. ನೀರು ಗಾಜಿನ ಮೇಲೆ ಒಂದೇ ಹಾಳೆಯಂತೆ ಇಳಿದರೆ ಸರಿ. ಎಲ್ಲಾದರೂ ಒಡೆದು ಹನಿಯಾಗಿ ನಿಂತರೆ ಅಲ್ಲಿ ಜಿಡ್ಡು ಇನ್ನೂ ಇದೆ, ಬಟ್ಟೆಯನ್ನು ಮತ್ತೆ ಇಳಿಸಿ.