ಫೋಟೋದ ಜೂಮ್ ಯಾಕೆ ಮಧ್ಯದಲ್ಲೇ ನಿಂತುಬಿಡುತ್ತೆ?

ಪ್ರಶ್ನೆ: ಮದುವೆ ಫೋಟೋಗಳ ವಿಡಿಯೋ ಮಾಡ್ತಿದ್ದೀನಿ. ಪ್ರತಿ ಫೋಟೋಗೂ ನಿಧಾನ ಜೂಮ್ ಕೊಟ್ಟಿದ್ದೀನಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಜೂಮ್ ನಿಂತುಬಿಡುತ್ತೆ, ನಡುನಡುವೆ ಜಗ್ಗಿದ ಹಾಗೂ ಕಾಣುತ್ತೆ. ಇನ್ನೂ ಎಷ್ಟು ಕೀಫ್ರೇಮ್ ಹಾಕಬೇಕು ಸಾರ್?

ಒಂದೂ ಹಾಕಬೇಡಿ. ನಡುವೆ ಹಾಕಿರುವುದನ್ನೇ ತೆಗೆಯಿರಿ.

ಕೀಫ್ರೇಮ್ ಅಂದರೆ ‘ಈ ಕ್ಷಣಕ್ಕೆ ಫೋಟೋ ಇಷ್ಟು ದೊಡ್ಡದಿರಲಿ’ ಎಂದು ಸಾಫ್ಟ್‌ವೇರ್‌ಗೆ ಇಡುವ ಗುರುತು. ಅದು ಜಾಸ್ತಿ ಆದಷ್ಟೂ ಚಲನೆ ನುಣುಪಾಗುತ್ತದೆ ಎನ್ನುವ ಮಾತಿಗೆ ಸಾವೇ ಇಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಎದ್ದು ಬರುತ್ತದೆ. ಇವತ್ತು ಲೆಕ್ಕ ಹಾಕಿಯೇ ನೋಡಿಬಿಡೋಣ.

ಫೋಟೋ 10 ಸೆಕೆಂಡು ಇದೆ. ಶುರುವಿನಲ್ಲಿ ಸ್ಕೇಲ್, ಅಂದರೆ ಶೇಕಡದಲ್ಲಿ ಫೋಟೋದ ಗಾತ್ರ, 100, ಕೊನೆಯಲ್ಲಿ 110. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಟ್ಟು 250. ಎರಡೇ ಕೀಫ್ರೇಮ್ ಇಟ್ಟು ಲೀನಿಯರ್ (ಒಂದೇ ಸಮನಾದ ವೇಗ) ಬಿಟ್ಟರೆ ಫ್ರೇಮಿಗೆ 0.04ರಂತೆ ಸಾಫ್ಟ್‌ವೇರ್ ತಾನೇ ಏರಿಸಿಕೊಂಡು ಹೋಗುತ್ತದೆ. ಒಂದು ಫ್ರೇಮಿಗೂ ಜಾಸ್ತಿ ಇಲ್ಲ, ಇನ್ನೊಂದಕ್ಕೆ ಕಡಿಮೆ ಇಲ್ಲ. ನಡುವಿನ ಆ ಲೆಕ್ಕ ಮಾಡುವುದೇ ಅದರ ಕೆಲಸ.

ಈಗ ನೀವು 5ನೇ ಸೆಕೆಂಡಿನಲ್ಲಿ ಮೂರನೆಯದನ್ನು ಹಾಕುತ್ತೀರಿ. ಕಣ್ಣಳತೆಯಲ್ಲಿ ಎಳೆದದ್ದು, 106ಕ್ಕೆ ಹೋಗಿ ಕೂರುತ್ತದೆ. ಮೊದಲ ಅರ್ಧದಲ್ಲಿ 6, ಉಳಿದ ಅರ್ಧದಲ್ಲಿ 4. ವೇಗ ಮೂರನೇ ಒಂದು ಭಾಗ ತಟ್ಟನೆ ಇಳಿಯಿತು. ಜಗ್ಗಿದ ಹಾಗೆ ಕಂಡದ್ದು ಇದೇ. ಸರಿಯಾಗಿ 105ಕ್ಕೇ ಇಟ್ಟಿದ್ದರೆ? ಏನೂ ಬದಲಾಗುತ್ತಿರಲಿಲ್ಲ, ಅದು ಹೇಗೂ ಅಲ್ಲಿಗೇ ಬರುತ್ತಿತ್ತು. ಸರಿ ಇಟ್ಟರೆ ಲಾಭವಿಲ್ಲ, ತಪ್ಪಿದರೆ ನಷ್ಟ. ಮತ್ತೆ ಯಾಕೆ ಹಾಕಬೇಕು?

ಇದರ ಮೇಲೆ ಕೆಲವರು ಎಲ್ಲ ಕೀಫ್ರೇಮ್‌ಗಳನ್ನೂ ಸೆಲೆಕ್ಟ್ ಮಾಡಿ ಈಸ್ ಇನ್, ಈಸ್ ಔಟ್ ಬೇರೆ ಕೊಡುತ್ತಾರೆ. ಈಸ್ ಅಂದರೆ ಆ ಬಿಂದುವಿನ ಹತ್ತಿರ ಬಂದು ನಿಧಾನವಾಗು ಅಂತ. ಹತ್ತು ಕಡೆ ಕೊಟ್ಟರೆ ಹತ್ತು ಕಡೆ ನಿಧಾನವಾಗುತ್ತದೆ. ‘ತಡೆರಹಿತ’ ಬೋರ್ಡು ಹಾಕಿಕೊಂಡು ಪ್ರತಿ ಸ್ಟಾಪಿನಲ್ಲೂ ನಿಲ್ಲುವ ಬಸ್ಸು ಅದು.

“ಕ್ಯಾಮೆರಾ ಶೇಕ್ ಎಫೆಕ್ಟಿಗೆ ಸಾಲು ಸಾಲು ಕೀಫ್ರೇಮ್ ಇರುತ್ತಲ್ಲ?” ಎಂದು ಈಗ ಯಾರಾದರೂ ಕೇಳಿಯೇ ಕೇಳುತ್ತೀರಿ. ಇರುತ್ತದೆ. ಅಲ್ಲಿ ದಿಕ್ಕು ಬದಲಾಗುತ್ತಲೇ ಇರಬೇಕು. ದಿಕ್ಕೋ ವೇಗವೋ ಬದಲಾಗಬೇಕಾದ ಕಡೆ ಕೀಫ್ರೇಮ್ ಬೇಕು. ಒಂದೇ ಸಮ ಓಡಬೇಕಾದರೆ ಎರಡು ಸಾಕು.

ಇನ್ನು ಫೋಟೋ ಬದಲಾಗುವಾಗ ನಿಲ್ಲುವ ವಿಚಾರ. ಅದಕ್ಕೆ ಕಾರಣ ನೀವು ಹಾಕಿರುವ ಕ್ರಾಸ್ ಡಿಸಾಲ್ವ್, ಅಂದರೆ ಒಂದು ಫೋಟೋ ಕರಗುತ್ತಾ ಇನ್ನೊಂದು ಮೂಡುವ ಎಫೆಕ್ಟ್. ಕಟ್, ಅಂದರೆ ಎರಡು ಫೋಟೋ ಸೇರುವ ಜಾಗಕ್ಕೇ ಕೊನೆಯ ಕೀಫ್ರೇಮ್ ಇಟ್ಟಿರುತ್ತೀರಿ. ಒಂದು ಸೆಕೆಂಡಿನ ಡಿಸಾಲ್ವ್ ಕಟ್‌ನ ಆಚೆ ಅರ್ಧ, ಈಚೆ ಅರ್ಧ ಸೆಕೆಂಡು ಹರಡಿಕೊಳ್ಳುತ್ತದೆ. ಕಟ್ ದಾಟಿದ ಮೇಲೂ ಹಳೆಯ ಫೋಟೋ ಅರ್ಧ ಸೆಕೆಂಡು ಕಾಣುತ್ತಿರುತ್ತದೆ, ಆದರೆ ಅದರ ಜೂಮ್ ಮುಗಿದುಹೋಗಿದೆ. ಹೊಸದು ಅರ್ಧ ಸೆಕೆಂಡು ಮೊದಲೇ ಬಂದಿದೆ, ಅದರ ಜೂಮ್ ಇನ್ನೂ ಶುರುವಾಗಿಲ್ಲ.

ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ನಾನು ಮಾಡುವುದು ಹೀಗೆ. ಡಿಸಾಲ್ವ್ ಹಾಕುವ ಮೊದಲು ಫೋಟೋವನ್ನು ಎರಡೂ ಕಡೆ ಒಂದೊಂದು ಸೆಕೆಂಡು ಉದ್ದ ಎಳೆಯುತ್ತೇನೆ. ಆ ತುದಿಗಳಲ್ಲಿ ಕೀಫ್ರೇಮ್ ಇಟ್ಟು, ಮತ್ತೆ ಮೊದಲಿನ ಅಳತೆಗೆ ಟ್ರಿಮ್ ಮಾಡುತ್ತೇನೆ. ಕೀಫ್ರೇಮ್‌ಗಳು ಆಚೆ ಹಾಗೇ ಉಳಿಯುತ್ತವೆ, ಡಿಸಾಲ್ವ್ ಮುಗಿಯುವವರೆಗೂ ಜೂಮ್ ನಡೆಯುತ್ತಿರುತ್ತದೆ.

ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಕೀಫ್ರೇಮಿನ ಗೋಜೇ ಬೇಡ. ಇನ್ಸ್‌ಪೆಕ್ಟರ್ ಪ್ಯಾನೆಲ್‌ನಲ್ಲಿ ಡೈನಾಮಿಕ್ ಜೂಮ್ ಆನ್ ಮಾಡಿ. ಹಸಿರು ಚೌಕ ಶುರು, ಕೆಂಪು ಚೌಕ ಕೊನೆ. ಉಲ್ಟಾ ಬೇಕಾದರೆ ಸ್ವಾಪ್ ಒತ್ತಿ. ಕ್ಲಿಪ್ ಉದ್ದ ಮಾಡಿದರೂ ಗಿಡ್ಡ ಮಾಡಿದರೂ ಚಲನೆ ತಾನಾಗಿ ಹೊಂದಿಕೊಳ್ಳುತ್ತದೆ. ಮೊಬೈಲಿನ ಕೈನ್‌ಮಾಸ್ಟರ್‌ನಲ್ಲೂ ಸ್ಟಾರ್ಟ್ ಪೊಸಿಷನ್, ಎಂಡ್ ಪೊಸಿಷನ್ ಎರಡೇ ಇರುವುದು. ಫೈನಲ್ ಕಟ್‌ನಲ್ಲಿ ಇದರ ಹೆಸರು ಕೆನ್ ಬರ್ನ್ಸ್. ಅಮೆರಿಕದ ಅಂತರ್ಯುದ್ಧದ ಹಳೇ ಫೋಟೋಗಳ ಮೇಲೆ ಕ್ಯಾಮೆರಾ ಓಡಿಸಿ 1990ರಲ್ಲಿ ಟೀವಿ ಸರಣಿ ಕೊಟ್ಟ ಸಾಕ್ಷ್ಯಚಿತ್ರಕಾರರ ಹೆಸರು ಅದು.

ಅಂದಹಾಗೆ, ಜೂಮ್ ಸರಿಹೋದ ಕೂಡಲೇ ನಿಮ್ಮ ಕಣ್ಣಿಗೆ ಬೀಳುವುದು ಫೋಟೋ ಮಸುಕಾಗಿರುವುದು. ನೀವು ಕೇಳಲಿಲ್ಲ, ಆದರೂ ಈಗಲೇ ಹೇಳಿಬಿಡುತ್ತೇನೆ. ಫುಲ್ ಎಚ್‌ಡಿ ಟೈಮ್‌ಲೈನಿನ ಅಗಲ 1920 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋದ ಉದ್ದನೆಯ ಬದಿ ಸಾಮಾನ್ಯವಾಗಿ 1600ರ ಆಸುಪಾಸು. ಪರದೆ ತುಂಬಿಸುವುದಕ್ಕೇ ಅದನ್ನು ಶೇಕಡ 20ರಷ್ಟು ಹಿಗ್ಗಿಸಬೇಕು, ಜೂಮ್ ಅದರ ಮೇಲೆ. ಅದೇ ಫೋಟೋ ಫೋನಿನಲ್ಲಿ 12 ಮೆಗಾಪಿಕ್ಸೆಲ್‌ದಾಗಿದ್ದರೆ ಅಗಲ 4000ದಷ್ಟಿರುತ್ತದೆ, ಎರಡು ಪಟ್ಟು ಜೂಮ್ ಮಾಡಿದರೂ ಒಡೆಯುವುದಿಲ್ಲ. ಆದರೆ ಪ್ರೀಮಿಯರ್‌ನಲ್ಲಿ ‘ಸ್ಕೇಲ್ ಟು ಫ್ರೇಮ್ ಸೈಜ್’ ಒತ್ತಬೇಡಿ. ಅದು ದೊಡ್ಡ ಫೋಟೋವನ್ನು ಮೊದಲೇ ಫ್ರೇಮಿನ ಅಳತೆಗೆ ಇಳಿಸಿಬಿಡುತ್ತದೆ, ಆಮೇಲೆ ಜೂಮ್ ಮಾಡಿದರೆ ಆ ಇಳಿಸಿದ ಚಿತ್ರವೇ ಹಿಗ್ಗುತ್ತದೆ. ‘ಸೆಟ್ ಟು ಫ್ರೇಮ್ ಸೈಜ್’ ಬಳಸಿ. ಫೋಟೋ ಕಳಿಸುವ ನೆಂಟರಿಗೆ ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಇವತ್ತೇ ಹೇಳಿ. ಅರ್ಧ ಜನ ಕೇಳುವುದಿಲ್ಲ. ಅವರ ಫೋಟೋಗಳಿಗೆ ಜೂಮ್ ಕೊಡಬೇಡಿ, ಸುಮ್ನೆ ಹಾಗೇ ಬಿಡಿ.