ಕೋಳಿ ಜಗಳಕ್ಕೆ ಇಂಜೆಕ್ಷನ್ ಇಲ್ಲ

ಸಂತೆಯ ಮಾರನೇ ದಿನ ನನಗೆ ಬರುವ ಫೋನುಗಳಲ್ಲಿ ಒಂದಾದರೂ ಹೀಗಿರುತ್ತದೆ: "ಡಾಕ್ಟ್ರೇ, ನಮ್ಮ ಹಳೇ ಹೇಟೆಗೆ ಏನೋ ಆಗಿದೆ. ಹೊಸ ಕೋಳೀನ ಅಟ್ಟಾಡಿಸಿ ಕುಕ್ತಾ ಇದೆ. ಏನಾದ್ರೂ ಇಂಜೆಕ್ಷನ್ ಇದ್ಯಾ?"

ಹಳೇ ಹೇಟೆಗೆ ಏನೂ ಆಗಿಲ್ಲ. ನೀವು ಸಂತೆಯಿಂದ ತಂದ ಕೋಳಿಯ ಕಾಲಿನ ದಾರ ಬಿಚ್ಚಿ ಸೀದಾ ಅಂಗಳಕ್ಕೆ ಬಿಟ್ಟಿದ್ದೀರಿ, ಅಷ್ಟೇ.

ಸಕಲೇಶಪುರ, ಮೂಡಿಗೆರೆ ಕಡೆ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರು ಈಗ ಜಾಸ್ತಿ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ವಾಪಸ್ ಬಂದವರು, ಹೋಂಸ್ಟೇ ಮಾಡಿದವರು. ಮೇವು, ಲಸಿಕೆ, ಗೂಡು ಎಲ್ಲ ಓದಿಕೊಂಡಿರುತ್ತಾರೆ, ಕೆಲವೊಮ್ಮೆ ನನಗಿಂತ ಜಾಸ್ತಿ. ಈ ಒಂದು ವಿಷಯ ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದು ಪ್ರತಿ ಕೋಳಿಗೂ ಗೊತ್ತು. ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ ಎನ್ನುವವರು ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ಗಮನಿಸಿ, 1920ರ ದಶಕದ ಆರಂಭದಲ್ಲೇ ಇದನ್ನು ಪ್ರಕಟಿಸಿದರು. ಈ ಲೆಕ್ಕ ಒಮ್ಮೆ ತೀರ್ಮಾನವಾದರೆ ಆಮೇಲೆ ಜಗಳ ಬಹಳ ಕಡಿಮೆ. ಮೇಲಿನವಳು ತಲೆ ಎತ್ತಿ ನೋಡಿದರೆ ಸಾಕು, ಕೆಳಗಿನವಳು ನುಚ್ಚು ಬಿಟ್ಟು ಪಕ್ಕಕ್ಕೆ ಸರಿಯುತ್ತಾಳೆ.

ಹೊಸಬಳಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಅವಳು ಒಬ್ಬೊಬ್ಬರ ಜೊತೆಗೂ ಬೇರೆ ಬೇರೆಯಾಗಿ ಇತ್ಯರ್ಥ ಮಾಡಿಕೊಳ್ಳಬೇಕು. ಐದು ಹಳೆಯವು, ಎರಡು ಹೊಸವು ಅಂದರೆ ಹತ್ತು ವ್ಯಾಜ್ಯ. ದೊಡ್ಡದೇ ಗೆಲ್ಲುತ್ತದೆ ಅಂತಲೂ ಇಲ್ಲ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿ ನಮ್ಮ ನಾಟಿ ಹೇಟೆಗಿಂತ ಎಷ್ಟೋ ದಪ್ಪ. ಆದರೂ ಹೊಸ ಅಂಗಳದಲ್ಲಿ ಅದು ನಾಟಿಯಿಂದ ಒದೆ ತಿಂದು ಸೌದೆ ರಾಶಿಯ ಹಿಂದೆ ಅವಿತು ಕೂತಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಜನ ಮಾಡುವ ಕೆಲಸ ಕೇಳಿ. ಬಣಕಲ್ ಹತ್ತಿರದ ಹೋಂಸ್ಟೇ ಮಾಲೀಕರೊಬ್ಬರು, ಒಳ್ಳೆಯ ಮನುಷ್ಯ, ಕುಕ್ಕುತ್ತಿದ್ದ ಹಳೇ ಹೇಟೆಯನ್ನು 'ರೌಡಿ' ಅಂತ ತೀರ್ಮಾನಿಸಿ ಭಾನುವಾರದ ಅತಿಥಿಗಳಿಗೆ ಸಾರು ಮಾಡಿಸಿಬಿಟ್ಟರು. ಬುಧವಾರ ಮತ್ತೆ ಫೋನು. "ಡಾಕ್ಟ್ರೇ, ಈಗ ಕೆಂಪು ಕೋಳಿ ಶುರು ಮಾಡಿದೆ. ರೋಗ ಹರಡ್ತಾ ಇದೆ ಅನ್ಸುತ್ತೆ." ಹಾಗಾದರೆ ಅದನ್ನೂ ಸಾರು ಮಾಡಿ, ಆಮೇಲೆ ಉಳಿದವನ್ನೂ ಮಾಡಿ, ಅಂಗಳ ಪೂರ್ತಿ ಶಾಂತವಾಗುತ್ತದೆ ಅಂದೆ. ಅವರು ಒಂದು ಕ್ಷಣ ನಿಜವೆಂದೇ ನಂಬಿದರು.

ಇದನ್ನು ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೇಲಿನ ಕೋಳಿಯನ್ನು ತೆಗೆದರೆ ಅದರ ಜಾಗ ಖಾಲಿ ಉಳಿಯುವುದಿಲ್ಲ. ಆ ಜಾಗಕ್ಕೆ ಎರಡನೆಯದೋ ಮೂರನೆಯದೋ ಬರಬೇಕು. ಅದಕ್ಕೆ ಅವುಗಳ ನಡುವೆ ಹೊಸದಾಗಿ ಜಗಳ ಆಗಬೇಕು. ಅತ್ತ ಹೊಸ ಕೋಳಿಯ ವ್ಯಾಜ್ಯವೂ ಮುಗಿದಿರುವುದಿಲ್ಲ. ಅಂದರೆ ನೀವು ಜಗಳ ನಿಲ್ಲಿಸಲಿಲ್ಲ, ಇನ್ನೊಂದನ್ನು ಸೇರಿಸಿದಿರಿ. ಕುಕ್ಕುವ ಕೋಳಿ ಕೆಟ್ಟದ್ದಲ್ಲ, ಕುಕ್ಕಿಸಿಕೊಳ್ಳುವುದು ಪಾಪದ್ದೂ ಅಲ್ಲ. ನಾಳೆ ಅದೇ 'ಪಾಪದ್ದು' ತನಗಿಂತ ಹೊಸಬಳು ಬಂದಾಗ ಹೇಗೆ ಆಡುತ್ತದೆ ನೋಡಿ.

ಆಲೂರು ಕಡೆಯ ಒಬ್ಬ ಅಜ್ಜಿ ಇದನ್ನೆಲ್ಲ ಯಾರಿಂದಲೂ ಕೇಳಿಸಿಕೊಂಡವರಲ್ಲ. ಹೊಸ ಕೋಳಿ ತಂದರೆ ಮೊದಲು ಸೌದೆ ಕೊಟ್ಟಿಗೆಯಲ್ಲಿ ಬೇರೆ ಇಡುತ್ತಾರೆ. ಆಮೇಲೆ ಅಂಗಳದ ಮಧ್ಯೆ ಬಿದಿರಿನ ಬುಟ್ಟಿಯಡಿ ಮುಚ್ಚಿ, ಸುತ್ತ ನುಚ್ಚು ಚೆಲ್ಲುತ್ತಾರೆ. ಒಳಗಿನದು ಹೊರಗಿನವನ್ನು ನೋಡುತ್ತದೆ, ಹೊರಗಿನವು ಒಳಗಿನದನ್ನು ನೋಡುತ್ತವೆ, ಯಾರೂ ಯಾರನ್ನೂ ಸರಿಯಾಗಿ ಕುಕ್ಕಲಾಗುವುದಿಲ್ಲ. ಹೀಗೇ ಕೆಲವು ದಿನ. ಕೊನೆಗೆ ಒಂದು ಸಂಜೆ, ಕತ್ತಲಾದ ಮೇಲೆ, ಗೂಡಿನಲ್ಲಿ ಎಲ್ಲದರ ಪಕ್ಕ ಕೂರಿಸಿ ಬರುತ್ತಾರೆ. "ಬೆಳಗಾಗೋ ಹೊತ್ತಿಗೆ ಮರ್ತಿರ್ತಾವೆ ಬಿಡಿ ಸಾರ್" ಅನ್ನುತ್ತಾರೆ. ಮರೆಯುವುದಿಲ್ಲ, ಬೆಳಿಗ್ಗೆಯೂ ಸ್ವಲ್ಪ ಕುಕ್ಕಾಟ ಇದ್ದೇ ಇರುತ್ತದೆ. ಆದರೆ ವಿಧಾನದಲ್ಲಿ ತಪ್ಪು ಹುಡುಕಲು ನನಗಂತೂ ಆಗಿಲ್ಲ.

ನಾನು ಸೇರಿಸುವುದು ಇಷ್ಟೇ. ಬೇರೆ ಇಡುವುದು ಎರಡು ವಾರಕ್ಕೆ ಕಡಿಮೆ ಬೇಡ, ಮೂರು ನಾಲ್ಕು ವಾರವಾದರೆ ಒಳ್ಳೆಯದು. ಅದು ಜಗಳಕ್ಕಲ್ಲ, ರಾಣಿಖೇತ್‌ನಂಥ ರೋಗ ಸಂತೆಯಿಂದ ಮನೆಗೆ ಬರಬಾರದು ಅಂತ. ಒಂಟಿ ಕೋಳಿ ಸೇರಿಸಬೇಡಿ, ಎರಡಾದರೂ ಇರಲಿ. ಮೇವಿನ ತಟ್ಟೆ ಎರಡು ಮೂರು ಕಡೆ ಇಡಿ, ಒಂದೇ ಹೇಟೆ ಎಲ್ಲದಕ್ಕೂ ಕಾವಲು ಕೂರಲಾರದಷ್ಟು ದೂರದಲ್ಲಿ. ಜುಲೈ ಮಳೆಯಲ್ಲಂತೂ ಹೊಸ ಕೋಳಿ ತರಲೇಬೇಡಿ. ನಮ್ಮ ಕಡೆ ಮಳೆ ಹಿಡಿದರೆ ಕೋಳಿಗಳು ದಿನಗಟ್ಟಲೆ ಗೂಡಲ್ಲೇ ಇರಬೇಕು. ಅಂಗಳದಲ್ಲಾದರೆ ಸೋತವಳು ಓಡಿಹೋಗುತ್ತಾಳೆ, ಜಗಳ ಮುಗಿಯುತ್ತದೆ. ಗೂಡಲ್ಲಿ ಓಡಲು ಜಾಗವಿಲ್ಲ. ಕಾಫಿ ಗಿಡದಿಂದ ಕಡಿದ ಎರಡು ಕೊಂಬೆ ಒಳಗೆ ಅಡ್ಡ ಇಟ್ಟರೂ ಸಾಕು, ಕಣ್ಣಿಗೆ ಮರೆಯಾಗುತ್ತದೆ.

ಮಕ್ಕಳ ಸವಾರಿಗೆ ಅಂತ ಪೋನಿ ಕಟ್ಟಿಕೊಂಡ ರೆಸಾರ್ಟಿನವರಿಗೂ ಇದೇ ಮಾತು. ಒಂದು ಪೋನಿ ತನ್ನ ಕಿವಿಗಳನ್ನು ಹಿಂದಕ್ಕೆ ಒತ್ತಿ ಇನ್ನೊಂದರ ಕಡೆ ಕತ್ತು ಚಾಚಿದರೆ 'ಸಿಟ್ಟಿನ ಕುದುರೆ' ಅಂತ ದೂರ ಒಂಟಿಯಾಗಿ ಕಟ್ಟುತ್ತಾರೆ. ಕುದುರೆಗೆ ಒಂಟಿತನಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ದಿನವಿಡೀ ಕೆನೆಯುತ್ತಾ ಬೇಲಿಯುದ್ದಕ್ಕೂ ಓಡಾಡುತ್ತಿರುತ್ತದೆ. ಬೇಲಿಯ ಆಚೆ ಈಚೆ ನಿಲ್ಲಿಸಿ ಪರಿಚಯ ಮಾಡಿಸಿ. ಪೋನಿ ಎರಡಿದ್ದರೆ ಹುಲ್ಲಿನ ಗುಡ್ಡೆ ಮೂರು ಮಾಡಿ, ದೂರ ದೂರ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ. ಎಲ್ಲ ಕುಕ್ಕಾಟವನ್ನೂ ಸುಮ್ನೆ ಬಿಡಬಾರದು. ರಕ್ತ ಕಂಡರೆ ತಕ್ಷಣ ಆ ಕೋಳಿಯನ್ನು ಬೇರೆ ಮಾಡಿ. ಕೆಂಪು ಕಂಡಲ್ಲಿಗೇ ಉಳಿದವು ಮತ್ತೆ ಮತ್ತೆ ಕುಕ್ಕುತ್ತವೆ, ಸಾಯುವವರೆಗೂ ಬಿಡದೆ ಇರಬಹುದು. ಬೆನ್ನಿನ ಪುಕ್ಕ ಮಾತ್ರ ಹೋಗಿದ್ದರೆ ಅದು ಬಹುಶಃ ಹುಂಜದ ಕೆಲಸ. ನಾಲ್ಕು ಹೇಟೆಗೆ ಎರಡು ಹುಂಜ ಇಟ್ಟವರು ನನ್ನನ್ನು ಕೇಳುವುದೇ ಬೇಡ. ಇನ್ನು, ವರ್ಷಗಟ್ಟಲೆ ಮೇಲಿದ್ದ ಹಳೇ ಹೇಟೆ ಹೊಸಬರೇ ಇಲ್ಲದೆ ದಿಢೀರನೆ ಎಲ್ಲರಿಂದ ಕುಕ್ಕಿಸಿಕೊಳ್ಳುತ್ತಿದ್ದರೆ ನನಗೂ ಅನುಮಾನ ಬರುತ್ತದೆ. ನಮಗಿಂತ ಮೊದಲು ಅದರ ಜೊತೆಯವಕ್ಕೆ ಕಾಯಿಲೆ ಗೊತ್ತಾಗಿರಬಹುದು.

ವ್ಯತ್ಯಾಸ ತಿಳಿಯಲು ಒಂದು ದಾರಿ ಇದೆ. ಏಟು ತಿಂದ ಕೋಳಿಗೆ ಹಸಿವಿರುತ್ತದೆ, ಮೇವಿನ ಹತ್ತಿರ ಬಂದು ಬಂದು ಓಡುತ್ತದೆ. ಬೇರೆ ಕಡೆ ಕಾಳು ಹಾಕಿದರೆ ಗಬಗಬ ತಿನ್ನುತ್ತದೆ. ಕಾಯಿಲೆಯ ಕೋಳಿ ಪುಕ್ಕ ಕೆದರಿಕೊಂಡು, ಕಣ್ಣು ಮುಚ್ಚಿ, ರೆಕ್ಕೆ ಜೋತುಬಿಟ್ಟು ನಿಲ್ಲುತ್ತದೆ. ಕಾಳು ಹಾಕಿದರೂ ತಿರುಗಿ ನೋಡುವುದಿಲ್ಲ. ಗೊತ್ತಾಗದಿದ್ದರೆ ಒಬ್ಬಳಿಗೇ ಬೇರೆ ಕಡೆ ಮೇವಿಟ್ಟು, ರಾತ್ರಿ ಗೂಡು ಸೇರಿದ ಮೇಲೆ ಕತ್ತಿನ ಬುಡದ ಬಲಭಾಗದಲ್ಲಿರುವ ಮೇವಿನ ಚೀಲ ಮುಟ್ಟಿ ನೋಡಿ. ತುಂಬಿದ್ದರೆ ಆ ದಿನಕ್ಕೆ ಚಿಂತೆಯಿಲ್ಲ. ಖಾಲಿ ಇದ್ದು ಹಿಕ್ಕೆ ಹಸಿರಾಗಿ ನೀರಾಗಿದ್ದರೆ ಅದನ್ನು ಬೇರೆ ಮಾಡಿ, ನನಗೆ ಫೋನ್ ಮಾಡಿ. ಬೆಳಿಗ್ಗೆ ಏಳರ ಮೇಲೆ.